ಚೆಲ್ಲಿದ ಹಿಟ್ಟು, ಒರೆಸುವ ಕೈ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿರುವ ಅಮ್ಮಂದಿರಿಗೆ, ಹಿಂದೆ ಬಾಗಿಲ ಹತ್ತಿರ ನಿಂತಿರುವ ಅಪ್ಪಂದಿರಿಗೆ, ಮೊಮ್ಮಕ್ಕಳ ಹಿಂದೆ ಓಡಿ ಮಂಡಿ ನೋಯಿಸಿಕೊಂಡಿರುವ ಅಜ್ಜ ಅಜ್ಜಿಯರಿಗೆ. ಮಾತಿನ ನಡುವೆ ಮಕ್ಕಳು ಓಡಾಡಲಿ, ಕೂಗಲಿ. ದಯವಿಟ್ಟು ಯಾರೂ ಅವರನ್ನು ಗದರಬೇಡಿ. ಇವತ್ತಿನ ಮಾತು ಪುಟ್ಟ ಮಕ್ಕಳು ಮನೆಯಲ್ಲಿ ಮಾಡುವ ರಂಪ, ಅದನ್ನು ನಗುತ್ತಾ ಸಹಿಸಿಕೊಳ್ಳುವುದರ ಬಗ್ಗೆ.

ಒಂದೂವರೆ ವರ್ಷದ ಮಗು ಅಡುಗೆಮನೆಗೆ ನುಗ್ಗುತ್ತದೆ. ರಾಗಿಹಿಟ್ಟಿನ ಡಬ್ಬ ಬೋರಲು ಬೀಳುತ್ತದೆ. ಅದರ ಮೇಲೆ ಒಂದು ಚೊಂಬು ನೀರು. ಮಧ್ಯದಲ್ಲಿ ಕೂತು ಎರಡೂ ಕೈಯಲ್ಲಿ ಪಟಪಟ ಬಡಿಯುತ್ತದೆ. ನಮಗೆ ಅದು ರಂಪ. ಮಗುವಿಗೆ ಅದು ಕೆಲಸ. ಒಣಗಿದ್ದಾಗ ಹಾರುವ ಹಿಟ್ಟು ನೀರು ಬಿದ್ದರೆ ಅಂಟುತ್ತದೆ, ಬಡಿದರೆ ಸಿಡಿಯುತ್ತದೆ ಎಂಬುದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಅದೇ ಕಂಡುಕೊಳ್ಳಬೇಕು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ತನ್ನ ಮೂರು ಮಕ್ಕಳನ್ನು ತೊಟ್ಟಿಲಿನಿಂದಲೇ ಗಮನಿಸಿ ಬರೆದಿಟ್ಟವನು. ಹತ್ತು ತಿಂಗಳ ಮಗ ಲೋರಾನ್ ಮಲಗಿದ್ದಲ್ಲೇ ಆಟದ ಹಂಸ, ಡಬ್ಬಿ, ಒಂದೊಂದನ್ನೇ ಹಿಡಿದು, ಕೈ ಚಾಚಿ, ಬೀಳಿಸುತ್ತಿದ್ದ. ಪ್ರತಿಸಲವೂ ಕೈಯನ್ನು ಬೇರೆ ಜಾಗದಲ್ಲಿ ಹಿಡಿದು ಬೀಳಿಸುತ್ತಿದ್ದ ಎಂಬುದನ್ನು ಪಿಯಾಜೆ ಗುರುತಿಸಿದ. ಊಟದ ಹೊತ್ತಿಗೆ ನಿಮ್ಮ ಮಗು ಚಮಚವನ್ನು ಹತ್ತು ಸಲ ಕೆಳಕ್ಕೆ ಬಿಟ್ಟು, ಬಗ್ಗಿ ನೋಡಿ, ಮತ್ತೆ ಕೈ ಚಾಚುತ್ತದಲ್ಲ, ಅದೂ ಇದೇ. ನಿಮ್ಮನ್ನು ಗೋಳು ಹುಯ್ದುಕೊಳ್ಳುವ ಹಂಚಿಕೆ ಅದರಲ್ಲಿಲ್ಲ.

ಇಷ್ಟು ತಿಳಿದರೆ ನಗು ತಾನಾಗಿ ಬರುತ್ತದೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಊರಿನಲ್ಲಿ ಹಿಡಿದಿಟ್ಟ ಕೊಡ ಉರುಳಿದರೆ ನಗು ಎಲ್ಲಿಂದ ಬರಬೇಕು? ಬೆಳಗ್ಗೆ ಎಂಟಕ್ಕೆ ಬಸ್ ಹಿಡಿಯಬೇಕಾದ ತಾಯಿಯ ಇಸ್ತ್ರಿ ಮಾಡಿದ ಸೀರೆಗೆ ಸಾರನ್ನದ ಕೈ ಅಂಟಿದರೆ? ಅದೇ ಹೊತ್ತಿಗೆ ಪೇಪರ್ ಹಿಡಿದು ಕೂತವರು ‘ಹೋಗಲಿ ಬಿಡೇ, ಮಗು ಅಲ್ವಾ’ ಎಂದು ನಕ್ಕರೆ ಆಕೆಗೆ ಇನ್ನಷ್ಟು ಉರಿಯುತ್ತದೆ. ಉರಿಯಲೇಬೇಕು. ಒರೆಸುವ ಕೆಲಸ ತನ್ನದಲ್ಲದವನಿಗೆ ನಗುವುದು ಸುಲಭ.

ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಆರು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುವವರು. ಗಂಡಸರಲ್ಲಿ ನೂರಕ್ಕೆ 26. ಹಾಗೆ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ. ಮಕ್ಕಳ ತುಂಟತನವನ್ನು ನಗುತ್ತಾ ಸಹಿಸಿಕೊಳ್ಳಿ ಎಂದು ತಾಯಂದಿರಿಗೆ ಬುದ್ಧಿ ಹೇಳುವ ಮೊದಲು ಈ ಲೆಕ್ಕ ನೋಡಬೇಕು.

ಕೆಲಸ ಹಂಚಿಕೊಂಡ ಮನೆಯಲ್ಲಿ ನಗುವಿನ ರೀತಿಯೇ ಬೇರೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಮೂರು ವರ್ಷದ ಹುಡುಗಿ ಮೈಯೆಲ್ಲ ಅಕ್ಕಿಹಿಟ್ಟು ಬಳಿದುಕೊಂಡು ನಿಂತಿದ್ದಳು. ‘ಯಾರಮ್ಮ ಹಿಟ್ಟು ಚೆಲ್ಲಿದ್ದು?’ ಎಂದ ಅವಳಪ್ಪ. ‘ಬೆಕ್ಕು’ ಎಂದಳು. ‘ಹೌದಾ? ಹಾಗಾದ್ರೆ ಬೆಕ್ಕಿಗೆ ಸ್ನಾನ ಮಾಡಿಸೋಣ ಬಾ’ ಎಂದು ಎತ್ತಿಕೊಂಡು ಬಚ್ಚಲಿಗೆ ನಡೆದ. ಅವಳು ಮಿಯಾಂವ್ ಎನ್ನುತ್ತಲೇ ತಲೆಗೆ ನೀರು ಹಾಕಿಸಿಕೊಂಡಳು. ಸುಳ್ಳು ಹೇಳಿದೆ ಎಂದು ಅವನು ಗದರಲಿಲ್ಲ. ಆ ವಯಸ್ಸಿನಲ್ಲಿ ಅದು ಮೋಸವಲ್ಲ, ‘ಹಾಗೆ ಆಗದೇ ಇದ್ದಿದ್ದರೆ’ ಎಂಬ ಆಸೆ ಅಷ್ಟೆ.

ಆದರೆ ಮಗುವಿನ ಜೊತೆ ನಗುವುದು ಬೇರೆ, ಮಗುವನ್ನು ನೋಡಿ ನಗುವುದು ಬೇರೆ. ಮಸಿ ಮೆತ್ತಿಕೊಂಡು ಹೆದರಿ ತುಟಿ ನಡುಗಿಸುತ್ತಿರುವ ಮಗುವಿನ ಮುಂದೆ ಮೊಬೈಲ್ ಹಿಡಿದು ‘ಇನ್ನೊಂದು ಸಲ ಅಳು’ ಎನ್ನುವುದನ್ನು ನೋಡಿದ್ದೇನೆ. ಆ ವಿಡಿಯೋ ನೆಂಟರಿಷ್ಟರ ಗುಂಪುಗಳಿಗೆಲ್ಲ ಹೋಗುತ್ತದೆ. ದಯವಿಟ್ಟು ಮಾಡಬೇಡಿ, ಬೇರೆಯವರು ಮಾಡಿದರೆ ತಡೆಯಿರಿ. ಇನ್ನು, ವರ್ಷದ ಕೂಸು ನಾವು ನಕ್ಕದ್ದನ್ನೇ ಮತ್ತೆ ಮತ್ತೆ ಮಾಡುತ್ತದೆ. ಅನ್ನ ಉಗಿದಾಗ ನಗು ತಡೆಯಲಾಗದಿದ್ದರೆ ಮುಖ ತಿರುಗಿಸಿ ನಗಿ.

ನಗಲೇಬಾರದ ಜಾಗವೊಂದಿದೆ. ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ, ಫಿನಾಯಿಲ್ ತುಂಬಿಡಬೇಡಿ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಓಡಿ. ಆಟಿಕೆಯ ಗುಂಡಿಯಂಥ ಬ್ಯಾಟರಿ ಗಂಟಲಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ.

ಮಿಕ್ಕಿದ್ದಕ್ಕೆಲ್ಲ ಉಪಾಯವಿದೆ. ಎಣ್ಣೆ ಚೆಲ್ಲಿದರೆ ಮೊದಲು ಒಂದಿಷ್ಟು ಹಿಟ್ಟು ಉದುರಿಸಿ, ಹೀರಿಕೊಂಡ ಮೇಲೆ ಬಾಚಿ. ಅರಿಶಿನದ ಕಲೆಗೆ ಸೋಪು ಹಾಕಿದರೆ ಕೆಂಪಗಾಗುತ್ತದೆ, ಗಾಬರಿ ಬೇಡ. ಒಗೆದು ಬಿಸಿಲಿಗೆ ಹರವಿ, ತಾನೇ ಮಾಸುತ್ತದೆ. ಎರಡು ವರ್ಷ ದಾಟಿದ ಮಗುವಿಗೂ ಒಂದು ಪುಟ್ಟ ಒರೆಸುವ ಬಟ್ಟೆ ಕೊಡಿ. 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟ ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿಯ ಪದ್ಧತಿಯಲ್ಲಿ ನೀರು ಬಗ್ಗಿಸುವುದೂ ಪಾಠ, ಚೆಲ್ಲಿದ್ದನ್ನು ಒರೆಸುವುದೂ ಪಾಠ. ಮಗು ಒರೆಸಿದ ಮೇಲೆ ನೀವು ಇನ್ನೊಂದು ಸಲ ಒರೆಸಬೇಕಾಗುತ್ತದೆ, ನಿಜ. ಮಗುವಿಗೆ ಕಾಣದಂತೆ ಒರೆಸಿ.

ಈಗ ನಿಮ್ಮ ಪ್ರಶ್ನೆಗಳು. ಮೊದಲ ಪ್ರಶ್ನೆ ನನ್ನದು, ಹಿಂದೆ ನಿಂತಿರುವ ಅಪ್ಪಂದಿರಿಗೆ: ನಿಮ್ಮ ಮನೆಯಲ್ಲಿ ನೆಲ ಒರೆಸುವ ಬಟ್ಟೆ ಎಲ್ಲಿರುತ್ತದೆ? ಗೊತ್ತಿರುವವರು ಕೈ ಎತ್ತಿ.