ಕೊನೆಯವರು ಬರುವ ತನಕ

ಕೇಳುಗರಿಗೆ ನಮಸ್ಕಾರ. ಮುಂಬೈಯಲ್ಲಿ ಡಿಸೆಂಬರ್ ಮುಗಿಯುವ ಹೊತ್ತಿಗೆ ನನಗೆ ಫೋನುಗಳು ಶುರುವಾಗುತ್ತವೆ. "ಸರ್, ಜನವರಿ 26ಕ್ಕೆ ನಮ್ಮ ಸಂಘದಿಂದ ಒಂದು ಓಟ ಇಟ್ಟುಕೊಂಡಿದ್ದೇವೆ. ಸುಮ್ನೆ ಮಜಾಕ್ಕೆ. ಮೊದಲನೇ ಸಲ. ಏನೇನು ಬೇಕು?" ಡೊಂಬಿವಲಿಯಿಂದ ಕೇಳುತ್ತಾರೆ, ಮುಲುಂಡಿನಿಂದ ಕೇಳುತ್ತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಎಲ್ಲರಿಗಿಂತ ಕೊನೆಗೆ ಬರುವವರಿಗೆ ಏನು ವ್ಯವಸ್ಥೆ ಮಾಡಿದ್ದೀರಿ? ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಟೀ ಶರ್ಟಿನ ಬಣ್ಣದ ಮಾತು ತೆಗೆಯುತ್ತಾರೆ.

ಟೀ ಶರ್ಟು ಯಾವ ಬಣ್ಣದ್ದಾದರೂ ಇರಲಿ. ಮೊದಲು ಬರುವವರ ಚಿಂತೆಯೂ ಬೇಡ. ಮೂರು ಕಿಲೋಮೀಟರ್ ಓಟ ಅಂದುಕೊಳ್ಳಿ. ಚುರುಕಾದ ಕಾಲೇಜು ಹುಡುಗ ಹದಿನೈದು ನಿಮಿಷದಲ್ಲಿ ಮುಗಿಸಿ ಫೋಟೋ ತೆಗೆಸಿಕೊಳ್ಳುತ್ತಿರುತ್ತಾನೆ. ಮೊಮ್ಮಗನ ಕೈ ಹಿಡಿದು ನಡೆಯುವ ಅಜ್ಜನಿಗೆ ಮುಕ್ಕಾಲು ಗಂಟೆ ಬೇಕು. ನಡುವೆ ಉಳಿಯುವ ಅರ್ಧ ಗಂಟೆ ಇದೆಯಲ್ಲ, ನಿಮ್ಮ ನಿಜವಾದ ಕೆಲಸ ಅದೇ. ಆ ಅರ್ಧ ಗಂಟೆ ನೀರಿನ ಮೇಜು ಅಲ್ಲೇ ಇರಬೇಕು, ತಿರುವಿನಲ್ಲಿ ಮನುಷ್ಯ ಇರಬೇಕು, ಬ್ಯಾನರ್ ಇಳಿಸಬಾರದು.

ಒಂದು ಪ್ರಸಂಗ ಹೇಳಿಬಿಡುತ್ತೇನೆ. ನಮ್ಮ ಉಪನಗರದ ಒಂದು ಸಂಘ. ಹೆಸರು ಬೇಡ, ಒಳ್ಳೆಯ ಜನ. ಅವರು ಮೊದಲ ಸಲ ಓಟ ಇಟ್ಟಾಗ ನನ್ನನ್ನು ಕರೆದಿದ್ದರು. ಸ್ಟೇಜು, ಮೈಕು, ಮುಖ್ಯ ಅತಿಥಿಗೆ ಶಾಲು, ಮೊದಲ ಮೂವರಿಗೆ ಮೊಣಕಾಲೆತ್ತರದ ಟ್ರೋಫಿ. ಯಾವುದಕ್ಕೂ ಕಡಿಮೆ ಇರಲಿಲ್ಲ. ಓಡುವವರಲ್ಲಿ ಒಬ್ಬರು ಅಜ್ಜಿ, ಉಡುಪಿ ಕಡೆಯವರು. ಕಾಟನ್ ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು, ಕಾಲಿಗೆ ಮೊಮ್ಮಗಳ ಕ್ಯಾನ್ವಾಸ್ ಶೂ. ಎದೆಯ ನಂಬರನ್ನು ಸೆರಗಿನ ಮೇಲೆ ನೀಟಾಗಿ ಪಿನ್ ಮಾಡಿದ್ದರು. ಎಲ್ಲರ ಜೊತೆ ಹೊರಟರು, ತಮ್ಮ ಪಾಡಿಗೆ ನಡೆದರು.

ಉದ್ಯಾನದ ಹತ್ತಿರ ಎಡಕ್ಕೆ ತಿರುಗಬೇಕಿತ್ತು. ಅಲ್ಲಿ ಬಾವುಟ ಹಿಡಿದು ನಿಂತಿದ್ದ ಹುಡುಗನಿಗೆ ಯಾರೋ ಫೋನ್ ಮಾಡಿದರು: "ಶೀರಾ ಖಾಲಿಯಾಗ್ತಾ ಇದೆ, ಬೇಗ ಬಾ." ಹುಡುಗ ಹೋದ. ಅಜ್ಜಿ ಬಂದರು, ಬಾವುಟ ಇಲ್ಲ, ಬಾಣದ ಗುರುತಿಲ್ಲ, ನೇರ ಹೋದರು. ಮುಂದೆ ಟ್ರ್ಯಾಕ್ ಪ್ಯಾಂಟ್ ಹಾಕಿದ ಒಬ್ಬಾತ ಹೋಗುತ್ತಿದ್ದ. ಓಟದವನೇ ಇರಬೇಕು ಅಂತ ಅವನ ಹಿಂದೆಯೇ ನಡೆದರು. ಅವನು ಹೊರಟಿದ್ದು ಲೋಕಲ್ ಹಿಡಿಯಲಿಕ್ಕೆ!

ಇತ್ತ ಮೈದಾನದಲ್ಲಿ ಬಹುಮಾನ ವಿತರಣೆ ಮುಗಿಯಿತು, ವಂದನಾರ್ಪಣೆ ಮುಗಿಯಿತು. ಹುಡುಗರು ಬ್ಯಾನರ್ ಸುತ್ತಿ ಟೆಂಪೋಗೆ ಹಾಕುತ್ತಿದ್ದಾರೆ. ಆಗ ಗೇಟಿನ ಹತ್ತಿರ ಒಂದು ರಿಕ್ಷಾ ಬಂದು ನಿಂತಿತು. ಅಜ್ಜಿ ಇಳಿದರು. ಮೀಟರ್ ನೋಡಿ, ಕಾರ್ಯದರ್ಶಿಯ ಕಡೆ ತಿರುಗಿ, "ಮೊದಲು ಇವನಿಗೆ ದುಡ್ಡು ಕೊಡಿ" ಅಂದರು. ಕೊಟ್ಟರು. "ಇನ್ನು ನನ್ನ ಮೆಡಲ್ ಎಲ್ಲುಂಟು?" ಕಾರ್ಯದರ್ಶಿ ತಡವರಿಸಿದರು, "ಅಜ್ಜಿ, ನೀವು ಓಟ ಪೂರ್ತಿ ಮಾಡಲಿಲ್ಲವಲ್ಲ..." ಅಜ್ಜಿಗೆ ಎಲ್ಲಿತ್ತೋ ಸಿಟ್ಟು! "ಎಂಥ ಮಾರಾಯ, ನೀವೆಲ್ಲ ಓಡಿದ್ದು ಮೂರು ಕಿಲೋಮೀಟರ್. ನಾನು ಸ್ಟೇಷನ್ ತನಕ ನಡೆದಿದ್ದೇನೆ. ನನಗೆ ಎರಡು ಮೆಡಲ್ ಕೊಡಬೇಕು." ಕೊನೆಗೆ ಒಂದಕ್ಕೆ ಒಪ್ಪಿದರು. ಶೀರಾ ಮಾತ್ರ ಸಿಗಲಿಲ್ಲ. ನಾವೆಲ್ಲ ನಕ್ಕೆವು ನಿಜ. ಆದರೆ ಬಿಸಿಲೇರಿದ ಮೇಲೆ ಆ ವಯಸ್ಸಿನವರು ಒಬ್ಬರೇ ದಾರಿ ತಪ್ಪಿ ತಿರುಗುವುದು ನಗುವ ವಿಷಯ ಅಲ್ಲ, ಅಲ್ವಾ?

ಹಾಗಾಗಿ ಹೇಳುತ್ತೇನೆ, ಕೊನೆಯವರನ್ನು ನೋಡಿಕೊಳ್ಳಿ. ಇದಕ್ಕೆ ದುಡ್ಡು ಬೇಡ, ಒಬ್ಬ ತಾಳ್ಮೆಯ ಮನುಷ್ಯ ಸಾಕು. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರಲ್ಲಿ ಒಂದು ಓಟ ಶುರುವಾಯಿತು, ಮೊದಲ ದಿನ ಓಡಿದ್ದು 13 ಜನ. ಇವತ್ತು ಅದು ಪಾರ್ಕ್‌ರನ್ ಅನ್ನುವ ಹೆಸರಿನಲ್ಲಿ ಎಷ್ಟೋ ದೇಶಗಳಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಡೆಯುತ್ತದೆ, ಐದು ಕಿಲೋಮೀಟರ್, ಪುಕ್ಕಟೆ. ಅಲ್ಲಿ ಎಲ್ಲರ ಹಿಂದೆ ನಡೆದು ಬರಲಿಕ್ಕೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಕೊನೆಯ ಸ್ಥಾನ ಅವರಿಗೇ ಮೀಸಲು. ಓಡಲು ಬಂದವರು ಯಾರೂ ಕೊನೆಯವರಾಗುವುದಿಲ್ಲ! ನಿಮ್ಮ ಸಂಘದಲ್ಲೂ ಅಂಥ ಒಬ್ಬರನ್ನು ಮೊದಲೇ ಗೊತ್ತು ಮಾಡಿ. ಅವರು ದಾಟಿ ಹೋಗುವ ತನಕ ತಿರುವಿನಲ್ಲಿ ನಿಂತವರು ಕದಲಬಾರದು. ಹಾಗೆ ನಿಂತವರಿಗೆ ತಿಂಡಿ ಬೇರೆ ಎತ್ತಿಡಿ. ಹಸಿದ ಹುಡುಗನನ್ನು ಬೈದು ಏನು ಪ್ರಯೋಜನ?

ಇನ್ನು ಜಾಗ. ಸಿಕ್ಕರೆ ಸುತ್ತು ಹೊಡೆಯುವ ದಾರಿ ಆರಿಸಿ. ದಾದರಿನ ಶಿವಾಜಿ ಪಾರ್ಕ್ ನೋಡಿ, ಒಂದು ಸುತ್ತಿಗೆ ಸುಮಾರು 1.2 ಕಿಲೋಮೀಟರ್. ಎರಡೂವರೆ ಸುತ್ತು ಹಾಕಿದರೆ ಆಯಿತು. ಅಂಥ ದಾರಿಯಲ್ಲಿ ಒಂದೇ ನೀರಿನ ಮೇಜು ಸಾಕು, ಯಾರೂ ಸ್ಟೇಷನ್ ಸೇರುವುದಿಲ್ಲ. ಯಾರು ಮುಂದೆ ಯಾರು ಹಿಂದೆ ಅಂತ ನೋಡುವವರಿಗೂ ಗೊತ್ತಾಗುವುದಿಲ್ಲ, ನಿಧಾನ ಬರುವವರಿಗೆ ಸಂಕೋಚ ಇಲ್ಲ.

ಸಮಯ ನೋಡುವ ಚಪಲ ಬಿಡಿ, ದಯವಿಟ್ಟು. ನಮ್ಮ ಮುಂಬೈ ಮ್ಯಾರಥಾನಿನಲ್ಲೇ ಸುಮಾರು ಆರು ಕಿಲೋಮೀಟರಿನ ಡ್ರೀಮ್ ರನ್‌ಗೆ ಟೈಮಿಂಗ್ ಇಲ್ಲ. ಅಷ್ಟು ದೊಡ್ಡವರೇ ಬಿಟ್ಟಿರುವಾಗ ನಿಮಗೇಕೆ ಸ್ಟಾಪ್‌ವಾಚು?

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಸಾರ್ವಜನಿಕ ರಸ್ತೆ, ಮೈದಾನ ಅಂದರೆ ಅನುಮತಿ ಬೇಕು. ಪೊಲೀಸ್ ಠಾಣೆಗೂ ವಾರ್ಡ್ ಆಫೀಸಿಗೂ ಮೊದಲೇ ಹೋಗಿ ವಿಚಾರಿಸಿ, ಹಿಂದಿನ ದಿನ ಓಡಬೇಡಿ. ಜನವರಿ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ದಾಟಿದ ಮೇಲೆ, ಆರಕ್ಕೆ ಕತ್ತಲಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಬೆಳಕು ಹರಿದ ಕೂಡಲೇ ಬಿಟ್ಟರೆ ಧ್ವಜಾರೋಹಣದ ಹೊತ್ತಿಗೆ ಎಲ್ಲರೂ ಮೈದಾನದಲ್ಲಿರುತ್ತಾರೆ. ಚಳಿಗಾಲವಾದರೂ ಮುಂಬೈಯಲ್ಲಿ ಬೆವರು ಬರುತ್ತದೆ, ನೀರು ಧಾರಾಳ ಇರಲಿ. ಸಂಘದಲ್ಲಿ ಡಾಕ್ಟರೋ ನರ್ಸೋ ಇದ್ದರೆ ಅವರನ್ನು ಓಡಿಸಬೇಡಿ, ಕೂರಿಸಿ. ಆಂಬ್ಯುಲೆನ್ಸಿನ 108 ಎಲ್ಲ ಸ್ವಯಂಸೇವಕರಿಗೂ ಬಾಯಿಗೆ ಬರಬೇಕು. ಎದೆಯ ನಂಬರಿನ ಹಿಂದೆ ಮನೆಯವರ ಫೋನ್ ನಂಬರ್ ಬರೆಸಿ. ತಿರುವು ಬರುವ ಮೊದಲೇ ಸುಣ್ಣದ ಪುಡಿಯಲ್ಲಿ ಬಾಣ ಹಾಕಿ, ತಿರುವಿನ ಮೇಲಲ್ಲ. ಮೆಡಲ್ ಕೊಡುವುದಾದರೆ ಎಲ್ಲರಿಗೂ ಕೊಡಿ, ಕೊನೆಯವರ ಕೊರಳಿಗೆ ಮುಖ್ಯ ಅತಿಥಿಯೇ ಹಾಕಲಿ. ಅಲ್ಲಿಯವರೆಗೆ ಅವರನ್ನು ಕಾಯಲು ಹೇಳಿ. ಕಾಯಲು ಪುರುಸೊತ್ತಿಲ್ಲದ ಅತಿಥಿಯನ್ನು ಕರೆಯಲೇಬೇಡಿ.

ಮತ್ತೆ ಸೇಫ್ಟಿ ಪಿನ್. ಒಂದು ನಂಬರಿಗೆ ನಾಲ್ಕು ಬೇಕು, ಲೆಕ್ಕಕ್ಕಿಂತ ಜಾಸ್ತಿಯೇ ತನ್ನಿ. ರಜೆಯ ದಿನ ಬೆಳಿಗ್ಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ನಮಸ್ಕಾರ.