ಬ್ಲೂಯಿ ಆಡಿದ 50ನೇ ಪಂದ್ಯ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಹೊರಟಿರುವ ಆಟಗಾರ ಒಟ್ಟು ಆಡಿದ್ದು 50 ಪಂದ್ಯ, ಹೊಡೆದದ್ದು 31 ಗೋಲು. ಜಾಸ್ತಿಯೇನಲ್ಲ, ಅಲ್ವಾ? ಆದರೆ 49ನೇ ಪಂದ್ಯಕ್ಕೂ 50ನೇದಕ್ಕೂ ನಡುವೆ ಅವನೊಂದು ಯುದ್ಧಕ್ಕೆ ಹೋಗಿಬಂದಿದ್ದ.

ಹೆಸರು ಕೀತ್ ಟ್ರಸ್ಕಾಟ್, ಊರು ಮೆಲ್ಬರ್ನ್. ಎಲ್ಲರ ಬಾಯಲ್ಲೂ 'ಬ್ಲೂಯಿ'. ಕೂದಲು ಕೆಂಪು, ನಮ್ಮಲ್ಲಾದರೆ 'ಕೆಂಚ' ಅನ್ನುತ್ತಿದ್ದರು. ಕೆಂಪು ಕೂದಲಿನವನನ್ನು ಬೇಕಂತಲೇ 'ನೀಲಿ' ಅಂತ ಕರೆಯುವುದು ಆಸ್ಟ್ರೇಲಿಯಾದವರ ಕುಚೇಷ್ಟೆ.

ಆ ದೇಶದ ಫುಟ್‌ಬಾಲ್ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರ. ಒಂದು ಕಡೆಗೆ 18 ಜನ. ಕ್ರಿಕೆಟ್ ಮೈದಾನದಲ್ಲೇ ಚಳಿಗಾಲದಲ್ಲಿ ಆಡುತ್ತಾರೆ. ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವ ಹಾಗಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಸ್ವಲ್ಪ ಪಕ್ಕಕ್ಕೆ ಹೋದರೆ 1. ಗುರಿ ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸದ ಆಟ. ನನಗೆ ಇಷ್ಟವಾಗುವುದೇ ಅದಕ್ಕೆ.

ಟ್ರಸ್ಕಾಟ್ 1937ರಲ್ಲಿ ಮೆಲ್ಬರ್ನ್ ಕ್ಲಬ್ ಸೇರಿದ. 1939ರ ಫೈನಲ್‌ನಲ್ಲಿ ಮೆಲ್ಬರ್ನ್ ಎದುರು ಕಾಲಿಂಗ್‌ವುಡ್ ತಂಡ ಸೋತಿತು, 1940ರಲ್ಲಿ ರಿಚ್ಮಂಡ್ ತಂಡ. ಆ ಎರಡನೇ ಫೈನಲ್ ಹೊತ್ತಿಗೆ ಅವನು ವಾಯುಪಡೆಯ ತರಬೇತಿಯಲ್ಲಿದ್ದ. ರಜೆ ಪಡೆದು ಬಂದು ಆಡಿದ.

ತರಬೇತಿಯಲ್ಲಿ ಅವನಿಗೊಂದು ತೊಂದರೆ ಇತ್ತು. ವಿಮಾನ ಇಳಿಸುವಾಗ ನೆಲ ಎಷ್ಟು ಕೆಳಗಿದೆ ಅನ್ನುವುದೇ ಅಂದಾಜಿಗೆ ಸಿಗುತ್ತಿರಲಿಲ್ಲ. ಸುಮಾರು 20 ಅಡಿ ಮೇಲಿರುವಾಗಲೇ ನೆಲ ಬಂತು ಅಂದುಕೊಂಡು ವಿಮಾನವನ್ನು ಮಟ್ಟ ಮಾಡಿಬಿಡುತ್ತಿದ್ದ. ಹೇಗೋ ಪಾಸಾದ. ಇಂಗ್ಲೆಂಡಿಗೆ ಹೋಗಿ 452ನೇ ಸ್ಕ್ವಾಡ್ರನ್‌ನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸಿದ. ಒಮ್ಮೆ ಇಂಗ್ಲಿಷ್ ಕಡಲ್ಗಾಲುವೆಗೆ ಪ್ಯಾರಾಚೂಟ್‌ನಲ್ಲಿ ಬಿದ್ದು ಬದುಕಿಬಂದ. ಶೌರ್ಯದ ಪದಕ ಎರಡು ಸಲ ಬಂತು.

1942ರ ಮೇ ತಿಂಗಳಲ್ಲಿ ಊರಿಗೆ ಬಂದಾಗ ಮತ್ತೆ ರಿಚ್ಮಂಡ್ ವಿರುದ್ಧವೇ ಕಣಕ್ಕಿಳಿದ, ಆ ಒಂದು ದಿನಕ್ಕೆ ಕ್ಯಾಪ್ಟನ್ ಆಗಿ. ಮೆಲ್ಬರ್ನ್ ಕ್ಲಬ್ಬಿನ ಸ್ವಂತ ಮೈದಾನ ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಆಗ ಅಮೆರಿಕನ್ ಸೈನಿಕರ ಬಿಡಾರವಾಗಿತ್ತು. ರಿಚ್ಮಂಡ್ ವಿರುದ್ಧದ ಆ ಆಟವೇ ಅವನ 50ನೇ ಪಂದ್ಯ.

ಆಮೇಲೆ ನ್ಯೂಗಿನಿಯ ಮಿಲ್ನ್ ಬೇ. 76ನೇ ಸ್ಕ್ವಾಡ್ರನ್‌ನ ನಾಯಕ ಅಲ್ಲಿ ಸತ್ತಾಗ ಇವನೇ ಆ ಜಾಗಕ್ಕೆ ಬಂದ.

1943ರ ಮಾರ್ಚ್ 28. ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿ. ಶತ್ರು ಯಾರೂ ಇರಲಿಲ್ಲ. ತನ್ನದೇ ಕಡೆಯ ಒಂದು ಕ್ಯಾಟಲಿನಾ ವಿಮಾನದ ಮೇಲೆ ಸುಮ್ನೆ ಅಭ್ಯಾಸಕ್ಕೆಂದು ಎರಗಿದ. ಕ್ಯಾಟಲಿನಾ ನೀರಿಗೆ ತೀರಾ ಹತ್ತಿರ ಇತ್ತು. ಕಡಲು ಗಾಜಿನಂತೆ ನಿಂತಿತ್ತು. ಅಂಥ ನೀರಿನ ಮೇಲೆ ಎತ್ತರ ಅಳೆಯುವುದು ಒಳ್ಳೆಯ ಕಣ್ಣಿಗೂ ಕಷ್ಟ. ಅವನ ಕಿಟ್ಟಿಹಾಕ್ ವಿಮಾನ ನೇರ ನೀರಿಗೆ ಬಡಿಯಿತು. ಆಗ ವಯಸ್ಸು 26.

1940ರ ಕಪ್ ಗೆದ್ದ ತಂಡದ ನಾಲ್ವರನ್ನು ಯುದ್ಧ ನುಂಗಿತು. ಅವರಲ್ಲೊಬ್ಬ, ಲಿಬಿಯಾದ ಟೊಬ್ರುಕ್‌ನಲ್ಲಿ ಸತ್ತ ರಾನ್ ಬರಾಸಿಯ ಮಗನಿಗೆ ಆಗ ಐದು ವರ್ಷ. ಆ ಹುಡುಗ ದೊಡ್ಡವನಾಗಿ ಅಪ್ಪನ 31ನೇ ನಂಬರಿನ ಅಂಗಿ ತೊಟ್ಟು ಈ ಆಟದ ದಂತಕಥೆಯಾದ. ಆ ಕಥೆಗೇ ಇನ್ನೊಂದು ಉಪನ್ಯಾಸ ಬೇಕು.

ಮೆಲ್ಬರ್ನ್ ಕ್ಲಬ್ ಪ್ರತಿ ವರ್ಷ ತನ್ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಟ್ರಸ್ಕಾಟ್ ಹೆಸರಿದೆ, 'ಬ್ಲೂಯಿ' ಸಮೇತ.