ಮೀನೆಣ್ಣೆ ಡಬ್ಬಿಯ ಹಿಂಬದಿ ಓದೋಣ

ಈ ಡಬ್ಬಿ ನೋಡಿ. ಮುಂದೆ ದಪ್ಪ ಅಕ್ಷರದಲ್ಲಿ ‘ಮೀನೆಣ್ಣೆ 1000 ಮಿ.ಗ್ರಾಂ’ ಅಂತ ಇದೆ. ಜಯನಗರದಿಂದ ಮಲ್ಲೇಶ್ವರದ ತನಕ ಯಾವ ಮೆಡಿಕಲ್ ಶಾಪಿಗೆ ಹೋದ್ರೂ ಮೊದಲು ಕಣ್ಣಿಗೆ ಬೀಳೋದು ಇಂಥ ಅಂಕಿನೇ. ಅದು ಕ್ಯಾಪ್ಸೂಲ್ ಒಳಗಿರೋ ಎಣ್ಣೆಯ ತೂಕ. ಈಗ ಡಬ್ಬಿ ತಿರುಗಿಸಿ, ಸಣ್ಣಕ್ಷರ ಓದಿ: ಇಪಿಎ 180, ಡಿಎಚ್‌ಎ 120. ಕೂಡಿಸಿದ್ರೆ 300. ಇವೆರಡೂ ಒಮೇಗಾ-3 ಅನ್ನೋ ಒಳ್ಳೇ ಕೊಬ್ಬಿನ ಬಗೆಗಳು, ನಮಗೆ ಬೇಕಾದ್ದು ಅಷ್ಟೇ; ಮಿಕ್ಕಿದ್ದು ಬಹುಪಾಲು ಬೇರೆ ಕೊಬ್ಬು. ಕೆಲವು ಡಬ್ಬಿಗಳಲ್ಲಿ ಆ ಲೆಕ್ಕ ಎರಡು ಕ್ಯಾಪ್ಸೂಲಿಗೆ ಕೊಟ್ಟಿರ್ತಾರೆ, ಅದನ್ನೂ ಗಮನಿಸಿ. ಆರೋಗ್ಯವಂತ ದೊಡ್ಡವರಿಗೆ ಇವೆರಡೂ ಸೇರಿ ದಿನಕ್ಕೆ 250 ಮಿ.ಗ್ರಾಂ ಸಾಕು ಅನ್ನೋದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕ.

‘ನಾವು ಅಗಸೆ ಬೀಜ ತಿಂತೀವಲ್ಲ, ಸಾಲದಾ?’ ಅಂತ ತುಂಬಾ ಜನ ಕೇಳ್ತಾರೆ. ಅಗಸೆ, ಚಿಯಾ, ಅಕ್ರೋಟಿನಲ್ಲಿ ಇರೋದು ಎಎಲ್‌ಎ ಅನ್ನೋ ಒಮೇಗಾ-3. ನಮ್ಮ ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಇಪಿಎ ಮಾಡಿಕೊಳ್ಳುತ್ತೆ, ಡಿಎಚ್‌ಎ ಆಗೋದು ಇನ್ನೂ ಕಮ್ಮಿ. ಅದಕ್ಕೆ ಅಡುಗೆ ಎಣ್ಣೆಯೂ ಒಂದು ಕಾರಣ. ಸೂರ್ಯಕಾಂತಿ ಎಣ್ಣೆಯಲ್ಲಿ ಒಮೇಗಾ-6 ಅನ್ನೋ ಇನ್ನೊಂದು ಬಗೆಯ ಕೊಬ್ಬು ತುಂಬಿದೆ, ಒಮೇಗಾ-3 ಇಲ್ಲ ಅನ್ನೋಷ್ಟು ಕಮ್ಮಿ. ಎರಡಕ್ಕೂ ದೇಹದಲ್ಲಿ ಕೆಲಸ ಮಾಡೋ ಕಿಣ್ವ ಒಂದೇ. ಒಮೇಗಾ-6 ಹೆಚ್ಚಾದಷ್ಟೂ ಎಎಲ್‌ಎಗೆ ಸರದಿ ಸಿಗೋದು ಕಷ್ಟ. ಹಾಗಂತ ಅಗಸೆ ಬಿಡಬೇಡಿ. ಎಎಲ್‌ಎ ಕೂಡ ಊಟದಿಂದಲೇ ಬರಬೇಕಾದ್ದು: ದಿನಕ್ಕೆ ಗಂಡಸರಿಗೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲೇ ಅಷ್ಟೂ ಸಿಗುತ್ತೆ.

ಆದ್ರೆ ಪುಡಿ ಮಾಡ್ಲೇಬೇಕು. ಇಡೀ ಬೀಜದ ಸಿಪ್ಪೆ ಗಟ್ಟಿ, ಅಗಿಯದೇ ನುಂಗಿದ್ರೆ ಹೇಗೆ ಹೋಯ್ತೋ ಹಾಗೇ ಆಚೆ ಬರುತ್ತೆ. ಉತ್ತರ ಕರ್ನಾಟಕದವರ ಅಗಸಿ ಚಟ್ನಿಪುಡಿ ಇದಕ್ಕೆ ಹೇಳಿ ಮಾಡಿಸಿದ್ದು. 200 ಗ್ರಾಂ ಬೀಜವನ್ನ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರೀರಿ. ಚಟಪಟ ಸದ್ದು ಶುರುವಾಗಿ ಘಮ ಬಂದ ತಕ್ಷಣ ತಟ್ಟೆಗೆ ಸುರೀರಿ. ಬಾಣಲೆಯಲ್ಲೇ ಬಿಟ್ರೆ ಕಾವಿಗೆ ಸೀದು ಕಹಿ ಆಗುತ್ತೆ. ಹತ್ತು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಜೀರಿಗೆ, ಒಂದು ಹಿಡಿ ಕರಿಬೇವು ಬೇರೆ ಹುರೀರಿ. ಸ್ವಲ್ಪ ಹುಣಸೆಹಣ್ಣನ್ನೂ ಬೆಚ್ಚಗೆ ಮಾಡಿ, ಪಸೆ ಇದ್ರೆ ಪುಡಿ ಗಂಟು ಕಟ್ಟುತ್ತೆ. ಎಲ್ಲಾ ಪೂರ್ತಿ ಆರಿದ ಮೇಲೆ ಉಪ್ಪು ಹಾಕಿ, ಮಿಕ್ಸಿಯನ್ನ ಬಿಟ್ಟುಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದ್ರೆ ಜಾರ್ ಕಾದು, ಎಣ್ಣೆ ಬಿಟ್ಟು, ತಳಕ್ಕೆ ಮುದ್ದೆ ಆಗಿ ಅಂಟುತ್ತೆ. ಪುಡಿಯಾದ ಅಗಸೆ ಗಾಳಿಗೆ ಬೇಗ ಕಮಟುತ್ತೆ. ಅದಕ್ಕೇ ಎರಡು ವಾರಕ್ಕಾಗೋಷ್ಟು ಮಾತ್ರ ಮಾಡಿ, ಫ್ರಿಜ್‌ನಲ್ಲಿಡಿ.

ಮೀನು ತಿನ್ನೋರಿಗೆ ದಾರಿ ಇನ್ನೂ ಸಲೀಸು. ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಭೂತಾಯಿ ಕೇಳಿ. ಮತ್ತಿ ಅಂದ್ರೂ ಅದೇ. ಇಲ್ಲಾಂದ್ರೆ ಬಂಗುಡೆ. ದುಬಾರಿ ಅಂಜಲ್‌ಗೇ ಹೋಗ್ಬೇಕಿಲ್ಲ. ಕೊಬ್ಬಿರೋ 100 ಗ್ರಾಂ ಭೂತಾಯಿಯಲ್ಲಿ ಇಪಿಎ, ಡಿಎಚ್‌ಎ ಸೇರಿ ಸುಮಾರು 1 ಗ್ರಾಂ ಇರುತ್ತೆ. ವಾರಕ್ಕೆರಡು ಸಲ ತಿಂದ್ರೆ 2 ಗ್ರಾಂ. ಏಳು ದಿನಕ್ಕೆ ಹಂಚಿದ್ರೆ ದಿನಕ್ಕೆ 280 ಮಿ.ಗ್ರಾಂ ಮೇಲಾಯ್ತು. ಅಂಥವರಿಗೆ ಕ್ಯಾಪ್ಸೂಲ್ ಯಾಕೆ? ಕೆರೆ ಮೀನು ಕಟ್ಲಾ, ರೋಹುವಿನಲ್ಲಿ ಇಷ್ಟು ಸಿಗಲ್ಲ.

ಆರಿಸುವಾಗ ಹೊಟ್ಟೆ ನೋಡಿ. ಭೂತಾಯಿಯ ಹೊಟ್ಟೆ ಬೇಗ ಒಡೆಯುತ್ತೆ; ಒಡೆದಿದ್ರೆ ಮೀನು ಐಸಿನಿಂದ ಆಚೆ ಜಾಸ್ತಿ ಹೊತ್ತು ಇದ್ದಿರಬಹುದು. ಕಣ್ಣು ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು. ಇದು ಬರೀ ರುಚಿಯ ಮಾತಲ್ಲ. ಭೂತಾಯಿ, ಬಂಗುಡೆ ಸೆಕೆಗೆ ಬಿದ್ರೆ ಹಿಸ್ಟಮಿನ್ ಅನ್ನೋ ರಾಸಾಯನಿಕ ಹುಟ್ಟುತ್ತೆ, ಎಷ್ಟು ಬೇಯಿಸಿದ್ರೂ ಅದು ಹೋಗಲ್ಲ, ತಿಂದವರ ಮುಖ ಕೆಂಪಾಗಿ ತಲೆ ಸಿಡಿಯುತ್ತೆ. ದೂರ ಹೋಗೋದಿದ್ರೆ ಐಸ್ ಹಾಕಿಸ್ಕೊಳ್ಳಿ. ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತೆ, ಆಗ ತಾಜಾ ಮೀನು ಕಮ್ಮಿ, ಇನ್ನೂ ಹುಷಾರಾಗಿ ನೋಡಿ. ಎಣ್ಣೆಯಲ್ಲಿ ಮುಳುಗಿಸಿ ಕರೀಬೇಡಿ. ಮೀನಿನ ಕೊಬ್ಬು ಬಾಣಲೆಗೆ ಇಳಿಯುತ್ತೆ, ಸೂರ್ಯಕಾಂತಿ ಎಣ್ಣೆ ಮೀನಿಗೆ ಹತ್ತುತ್ತೆ. ಕರಾವಳಿಯ ಹುಳಿ-ಖಾರದ ಮೀನು ಸಾರು ಪುಳಿಮುಂಚಿ ಮಾಡಿ, ಸಾರಿಗಿಳಿದ ಕೊಬ್ಬು ಅನ್ನದ ಜೊತೆ ಹೊಟ್ಟೆಗೇ ಬರುತ್ತೆ.

ಸಸ್ಯಾಹಾರಿಗಳಿಗೆ ಪಾಚಿ ಎಣ್ಣೆಯ ಕ್ಯಾಪ್ಸೂಲ್ ಇದೆ. ಮೀನಿಗೂ ಡಿಎಚ್‌ಎ ಬರೋದು ಮೂಲತಃ ಸಮುದ್ರದ ಪಾಚಿಯಿಂದಲೇ. ಹಸಿರು ಗುರುತು ನೋಡಿ ಕೊಳ್ಳಿ, ಹೊರಗಿನ ಕವಚ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋ ಜೆಲಟಿನ್‌ನದ್ದಾಗಿರಬಹುದು.

ಇನ್ನು, ಕ್ಯಾಪ್ಸೂಲ್ ನುಂಗಿದ್ರೆ ಹಾರ್ಟ್ ಅಟ್ಯಾಕ್ ಬರಲ್ಲ ಅಂತ ನಂಬಬೇಡಿ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದು 2018ರಲ್ಲಿ ಹೊರಬಂದ ವೈಟಲ್ ಅಧ್ಯಯನದಲ್ಲಿ, ದಿನಾ 1 ಗ್ರಾಂ ಮೀನೆಣ್ಣೆ ತಗೊಂಡವರಿಗೆ ಹೃದಯದ ದೊಡ್ಡ ತೊಂದರೆಗಳು ಒಟ್ಟಾರೆ ಹೇಳಿಕೊಳ್ಳೋಷ್ಟು ಕಮ್ಮಿ ಆಗಲಿಲ್ಲ. ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಬಗೆಯ ಕೊಬ್ಬು) ವಿಪರೀತ ಏರಿದವರಿಗೆ ಡಾಕ್ಟರ್ ಹೆಚ್ಚಿನ ಪ್ರಮಾಣ ಬರೆದುಕೊಡೋದು ಬೇರೆ ವಿಷಯ. ಹೆಚ್ಚು ಪ್ರಮಾಣದಿಂದ ಕೆಲವರಿಗೆ ಎದೆಬಡಿತ ಏರುಪೇರಾಗುವ ಅಪಾಯವೂ ಇದೆ. ರಕ್ತ ತೆಳುವಾಗೋ ಮಾತ್ರೆ ತಗೋತಿರೋರು ಕೇಳದೇ ಶುರು ಮಾಡ್ಬೇಡಿ. ಬಸುರಿಯರು ಕಾಡ್ ಮೀನಿನ ಲಿವರ್ ಎಣ್ಣೆ ಮುಟ್ಟಬೇಡಿ, ಅದರಲ್ಲಿರೋ ವಿಟಮಿನ್ ಎ ಹೆಚ್ಚಾದ್ರೆ ಮಗುವಿಗೆ ತೊಂದರೆ.

ತಗೊಳ್ಳೋದೇ ಆದ್ರೆ ಊಟದ ಜೊತೆ ತಗೊಳ್ಳಿ, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಲ್ಲ. ಹೊಸ ಡಬ್ಬಿ ತೆಗೆದ ದಿನ ಒಂದು ಕ್ಯಾಪ್ಸೂಲ್‌ಗೆ ಪಿನ್ನಿಂದ ಚುಚ್ಚಿ, ಎಣ್ಣೆ ಚಮಚಕ್ಕೆ ಹಿಂಡಿ, ಮೂಸಿ ನೋಡಿ. ಸಣ್ಣಗೆ ಮೀನು ವಾಸನೆ ಇದ್ರೆ ಸರಿ. ಹಳೇ ಪೇಂಟ್ ಥರ ಮೂಗಿಗೆ ಹೊಡೆದ್ರೆ ಎಣ್ಣೆ ಕಮಟಿದೆ, ಡಬ್ಬಿ ವಾಪಸ್ ಕೊಡಿ.